ಪಾವಗಡದ ಹಾವು, ಜೀವಕೋಶದ ಬಾಗಿಲು

(ಬಲಸಮುದ್ರದಲ್ಲಿ ಕಡಲೆಕಾಯಿ ಬೆಳೆಗಾರರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪಾವಗಡ ಎಂಬ ಹೆಸರಿನಲ್ಲೇ ಒಂದು ಹಾವು ಮಲಗಿದೆ. ನಾವು ಇಂದು ಹಾಲು, ಹೂವು, ಹಣ್ಣು ಎನ್ನುವುದನ್ನು ಹಳಗನ್ನಡದವರು ಪಾಲ್, ಪೂ, ಪಣ್ ಎನ್ನುತ್ತಿದ್ದರು. ಹಾಗೆಯೇ ಹಾವು ಅವರಿಗೆ ಪಾವು. ಗಡಿಯಾಚೆಯ ತೆಲುಗಿನಲ್ಲಿ ಅದು ಈಗಲೂ ಪಾಮು. ಬೆಟ್ಟದ ಮೇಲೆ ಕೋಟೆ ಕಟ್ಟುವಾಗ ಹಾವಿನ ರೂಪ ಕೆತ್ತಿದ ಕಲ್ಲೊಂದು ಸಿಕ್ಕಿತು, ಅದರಿಂದಲೇ ಆ ಬೆಟ್ಟಕ್ಕೆ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ಪಾವಗಡದ ಮಾತಷ್ಟೇ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಎಲ್ಲಿಗೆ ಹೋದರೂ ಅಶ್ವತ್ಥಕಟ್ಟೆಯ ಮೇಲೆ ನಾಗರಕಲ್ಲುಗಳು ಅರಿಸಿನ ಕುಂಕುಮ ಹಚ್ಚಿಕೊಂಡು ನಿಂತಿರುತ್ತವೆ.

ನಮ್ಮವರು ಹಾವನ್ನು ಪೂಜಿಸಿದರು, ಅದರ ವಿಷದ ಬಗ್ಗೆ ಯೋಚನೆಯನ್ನೂ ಮಾಡಿದರು. 14ನೇ ಶತಮಾನದಲ್ಲಿ ಮಂಗರಾಜ ಎಂಬ ಕವಿ ‘ಖಗೇಂದ್ರಮಣಿದರ್ಪಣ’ ಎಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ಬರೆದ. ಖಗೇಂದ್ರ ಎಂದರೆ ಗರುಡ, ಹಾವುಗಳ ವೈರಿ. ಆರು ಶತಮಾನಗಳ ಹಿಂದೆಯೇ ಜನರ ಭಾಷೆಯಲ್ಲಿ ಇಂಥ ಪುಸ್ತಕ ಬೇಕಾಗಿತ್ತು ಎಂದರೆ ಇದು ಮನೆಮನೆಯ ಸಮಸ್ಯೆಯಾಗಿತ್ತು ಎಂದೇ ಅರ್ಥ.

ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋಗಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ ಮನುಷ್ಯ ಎಷ್ಟೋ ಸಲ ಮೊದಲಿಗೆ ಚೆನ್ನಾಗಿಯೇ ಇರುತ್ತಾನೆ. ಮಾತಾಡುತ್ತಾನೆ, ನಡೆಯುತ್ತಾನೆ. ಬಂದವರು ‘ಏನೂ ಆಗಿಲ್ಲ, ಹೆದರಬೇಡ’ ಎನ್ನುತ್ತಾರೆ. ಆಮೇಲೆ ಕಣ್ಣೆವೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರು ನಿಲ್ಲುತ್ತದೆ. ವಿಷ ಮೈಯೊಳಗೆ ಹೋಗಿ ಇಷ್ಟು ಹೊತ್ತಾದರೂ ಸುಮ್ಮನಿದ್ದ ದೇಹ ಒಮ್ಮೆಲೇ ಕೈಬಿಡುವುದೇಕೆ? ಇದಕ್ಕೆ ಉತ್ತರ ಬೇಕಾದರೆ ಹಾವನ್ನು ಸ್ವಲ್ಪ ಹೊತ್ತು ಬಿಟ್ಟು, ನಮ್ಮ ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬಗೆಯನ್ನು ತಿಳಿಯಬೇಕು.

ಎಣ್ಣೆಯ ಗೋಡೆ

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ಪೊರೆ ಇದೆ. ಅದು ಎಣ್ಣೆಯ ಜಾತಿಗೆ ಸೇರಿದ ಕಣಗಳಿಂದ ಆದದ್ದು. ಒಂದು ಮಿಲಿಮೀಟರನ್ನು ಎರಡು ಲಕ್ಷ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅದರ ದಪ್ಪ ಸುಮಾರು ಅಷ್ಟು. ಕೋಶದ ಒಳಗೂ ನೀರು, ಹೊರಗೂ ನೀರು, ನಡುವೆ ಎಣ್ಣೆಯ ಗೋಡೆ. ಕಡಲೆಕಾಯಿ ಎಣ್ಣೆಗೆ ನೀರು ಹಾಕಿದರೆ ಬೆರೆಯುವುದಿಲ್ಲ ಎಂಬುದು ನಿಮಗೆ ಗೊತ್ತು. ಹಾಗೆಯೇ ನೀರಿನಲ್ಲಿ ಕರಗಿದ ಉಪ್ಪಿನ ಕಣಗಳು ಈ ಗೋಡೆಯನ್ನು ದಾಟಲಾರವು.

ಗೋಡೆ ಇಲ್ಲದಿದ್ದರೆ ಕೋಶವೇ ಇಲ್ಲ. ಆದರೆ ಗೋಡೆ ಇದ್ದ ಮೇಲೆ ಹೊರಗಿನ ಸುದ್ದಿ ಒಳಗೆ ಹೋಗುವುದು ಹೇಗೆ? ಪ್ರಕೃತಿ ಕಂಡುಕೊಂಡ ಉಪಾಯ ಸೊಗಸಾದದ್ದು. ಸುದ್ದಿ ತಂದವನು ಮನೆಯೊಳಗೆ ಬರಬೇಕಾಗಿಲ್ಲ, ಬಾಗಿಲ ಗಂಟೆ ಬಾರಿಸಿದರೆ ಸಾಕು. ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನುಗಳು ನೆಟ್ಟುಕೊಂಡಿರುತ್ತವೆ. ಅವುಗಳ ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಹೊರತುದಿಗೆ ಸುದ್ದಿಯ ಕಣ ಅಂಟಿದೊಡನೆ ಇಡೀ ಪ್ರೋಟೀನಿನ ಆಕಾರ ಬದಲಾಗುತ್ತದೆ, ಒಳಗಿನವರಿಗೆ ವಿಷಯ ತಿಳಿಯುತ್ತದೆ. ಇವುಗಳಿಗೆ ಗ್ರಾಹಕಗಳು ಎಂದು ಹೆಸರು.

ಹೀಗೊಂದು ಗ್ರಾಹಕ ಇರಲೇಬೇಕು ಎಂದು 1905ರಲ್ಲಿ ಹೇಳಿದವರು ಕೇಂಬ್ರಿಡ್ಜಿನ ಲಾಂಗ್ಲಿ. ತಂಬಾಕಿನಲ್ಲಿರುವ ನಿಕೋಟಿನ್ ಸ್ನಾಯುವನ್ನು ಕುಗ್ಗಿಸುತ್ತದೆ, ದಕ್ಷಿಣ ಅಮೆರಿಕದ ಬಾಣದ ವಿಷ ಕ್ಯುರಾರೆ ಅದನ್ನು ತಡೆಯುತ್ತದೆ. ಎರಡೂ ಒಂದೇ ಜಾಗಕ್ಕಾಗಿ ಜಗಳವಾಡುತ್ತಿರಬೇಕು ಎಂಬುದು ಅವರ ತರ್ಕ. 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ಮಾಡಿ, ನರವು ಸುದ್ದಿ ಕಳಿಸುವುದು ಒಂದು ರಾಸಾಯನಿಕದ ಮೂಲಕ ಎಂದು ತೋರಿಸಿದರು. ಆ ರಾಸಾಯನಿಕವೇ ಅಸಿಟೈಲ್‌ಕೋಲೀನ್. ಈ ಕೆಲಸಕ್ಕಾಗಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು.

ನರದ ತುದಿಯಲ್ಲಿ

ನೀವು ಕಡಲೆಕಾಯಿ ಗಿಡ ಕೀಳಲು ಕೈ ಚಾಚುತ್ತೀರಿ. ಮೆದುಳಿನಿಂದ ಹೊರಟ ಅಪ್ಪಣೆ ಬೆನ್ನುಹುರಿಯ ಮೂಲಕ ನರತಂತುವಿನ ತುದಿಗೆ ಬರುತ್ತದೆ. ಅಲ್ಲಿಗೆ ತಂತಿ ಮುಗಿಯಿತು. ನರಕ್ಕೂ ಸ್ನಾಯುವಿಗೂ ನಡುವೆ ಅತಿ ಕಿರಿದಾದ ಒಂದು ಕಂದರವಿದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ತುಂಬಿದ ಪುಟ್ಟ ಪೊಟ್ಟಣಗಳು ಸಿದ್ಧವಾಗಿರುತ್ತವೆ. ಒಂದೊಂದರಲ್ಲೂ ಸಾವಿರಾರು ಕಣಗಳು. ಅಪ್ಪಣೆ ಬಂದೊಡನೆ ಹತ್ತಾರು ಪೊಟ್ಟಣಗಳು ಒಟ್ಟಿಗೆ ಒಡೆದು ಕಣಗಳು ಕಂದರಕ್ಕೆ ಸುರಿಯುತ್ತವೆ.

ಆಚೆ ದಡದಲ್ಲಿ, ಸ್ನಾಯುವಿನ ಪೊರೆಯ ಮೇಲೆ, ಗ್ರಾಹಕಗಳು ಒತ್ತೊತ್ತಾಗಿ ಕಾದಿರುತ್ತವೆ. ಒಂದು ಸಂಧಿಸ್ಥಾನದಲ್ಲೇ ಅವುಗಳ ಸಂಖ್ಯೆ ಒಂದು ಕೋಟಿಯ ಆಸುಪಾಸು ಎಂದು ಲೆಕ್ಕ. ಪ್ರತಿ ಗ್ರಾಹಕವೂ ಐದು ಪ್ರೋಟೀನ್ ತುಂಡುಗಳು ವೃತ್ತಾಕಾರವಾಗಿ ನಿಂತು ಆದದ್ದು, ನಡುವೆ ರಂಧ್ರ. ಎರಡು ಕಣಗಳು ಎರಡು ಕಡೆ ಬಂದು ಕೂತರೆ ರಂಧ್ರ ತೆರೆದುಕೊಳ್ಳುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಆದರೆ ಅಷ್ಟರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ಹೀಗೆ ಒಂದೇ ಒಂದು ಬಾಗಿಲಿನ ಮೂಲಕ ಹರಿಯುವ ವಿದ್ಯುತ್ತನ್ನು 1976ರಲ್ಲಿ ಜರ್ಮನಿಯ ನೆಹರ್ ಮತ್ತು ಸಾಕ್ಮನ್ ಅಳೆದು ತೋರಿಸಿದರು. 1991ರ ನೊಬೆಲ್ ಬಹುಮಾನ ಅವರದಾಯಿತು.

ಸ್ನಾಯುಕೋಶದ ಒಳಭಾಗ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಟಾರ್ಚಿನ ಸೆಲ್ಲಿಗೆ ಹೋಲಿಸಿದರೆ ಅದರ ಹದಿನಾರನೇ ಒಂದು ಪಾಲು. ಸೋಡಿಯಂ ನುಗ್ಗಿದಾಗ ಈ ವ್ಯತ್ಯಾಸ ತಗ್ಗುತ್ತದೆ. ಒಂದು ಮಿತಿಗಿಂತ ತಗ್ಗಿದರೆ ಸ್ನಾಯು ಕುಗ್ಗುತ್ತದೆ, ಕೈ ಗಿಡವನ್ನು ಕೀಳುತ್ತದೆ.

ಬೇಕಾದ್ದಕ್ಕಿಂತ ಹೆಚ್ಚು

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಟ್ಟಿದ ಗಳಿಗೆಯಿಂದ ಕೊನೆಯ ಉಸಿರಿನವರೆಗೆ ಈ ಸುದ್ದಿ ಒಮ್ಮೆಯೂ ತಪ್ಪಬಾರದು. ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುವಿಗೆ ಅಪ್ಪಣೆ ತಲುಪದಿದ್ದರೆ ಉಸಿರಿಲ್ಲ. ಅಂಚೆಯವನು ನೂರರಲ್ಲಿ ಐದು ಕಾಗದ ಕಳೆದರೆ ನಾವು ಸಹಿಸಿಕೊಂಡೇವು. ಇಲ್ಲಿ ಅದು ನಡೆಯದು.

ಹಾಗೆಂದು ಸುಳ್ಳು ಸುದ್ದಿಗೂ ಸ್ನಾಯು ಕುಣಿಯಬಾರದು. 1950ರ ದಶಕದಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಜೊತೆಗಾರರು ಒಂದು ಸೋಜಿಗ ಕಂಡರು. ಯಾವ ಅಪ್ಪಣೆಯೂ ಇಲ್ಲದಾಗಲೂ ಆಗಾಗ ಒಂದು ಪೊಟ್ಟಣ ತಾನಾಗಿಯೇ ಒಡೆಯುತ್ತದೆ. ಅದು ಎಬ್ಬಿಸುವ ವಿದ್ಯುತ್ತು ಒಂದು ಮಿಲಿವೋಲ್ಟಿನಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಸ್ನಾಯು ಏಳಬೇಕಾದರೆ ಅದರ ಹತ್ತಾರು ಪಟ್ಟು ಬೇಕು. ಹೀಗಾಗಿ ಬಿಡಿ ಪೊಟ್ಟಣದ ಪಿಸುಮಾತನ್ನು ಸ್ನಾಯು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬಾಗಿಲು ತೆರೆಯಲು ಎರಡು ಕಣ ಬೇಕು ಎಂಬ ನಿಯಮವೂ ಇಂಥದೇ ಒಂದು ಎಚ್ಚರಿಕೆ.

ಅಪ್ಪಣೆ ನಿಜವಾದಾಗಲೋ, ನರ ಕೈಬಿಚ್ಚಿ ಖರ್ಚು ಮಾಡುತ್ತದೆ. ಬೇಕಾದ್ದಕ್ಕಿಂತ ಹಲವು ಪಟ್ಟು ಕಣಗಳನ್ನು ಸುರಿಯುತ್ತದೆ. ಆಚೆ ದಡದಲ್ಲೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಾಗಿಲುಗಳು. 1967ರಲ್ಲಿ ಪೇಟನ್ ಮತ್ತು ವಾಡ್ ಎಂಬ ವಿಜ್ಞಾನಿಗಳು ಇದನ್ನು ಅಳೆದರು. ನೂರರಲ್ಲಿ ಸುಮಾರು 75 ಗ್ರಾಹಕಗಳನ್ನು ಮುಚ್ಚಿಬಿಟ್ಟರೂ ಸ್ನಾಯುವಿನ ಶಕ್ತಿ ಕುಂದುವುದಿಲ್ಲ. 90ಕ್ಕಿಂತ ಹೆಚ್ಚು ಮುಚ್ಚಿದರೆ ಪೂರ್ತಿ ನಿಂತುಹೋಗುತ್ತದೆ.

ಈ ಸೀಮೆಯವರಿಗೆ ಇದನ್ನು ಕೆರೆಯ ಭಾಷೆಯಲ್ಲಿ ಹೇಳಬಹುದು. ಬಲಸಮುದ್ರವೂ ಸೇರಿದಂತೆ ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಸಮುದ್ರ’ ಇರುವುದು ಕೆರೆಯ ನೆನಪಿಗೆ ತಾನೆ? ಕೆರೆಯಲ್ಲಿ ನೀರು ತೂಬಿಗಿಂತ ಮೇಲಿರುವ ತನಕ ಕಾಲುವೆ ಹರಿಯುತ್ತದೆ. ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವನಿಗೆ ಕೆರೆ ಬತ್ತುತ್ತಿರುವುದು ಗೊತ್ತಾಗದು. ನೀರು ತೂಬಿನ ಮಟ್ಟಕ್ಕೆ ಇಳಿದ ದಿನ ಕಾಲುವೆ ಒಮ್ಮೆಲೇ ಒಣಗುತ್ತದೆ. ಮುಕ್ಕಾಲು ಕೆರೆ ಖಾಲಿಯಾದದ್ದು ಆಗಲೇ ಅವನಿಗೆ ತಿಳಿಯುವುದು.

ಇನ್ನೊಂದು ಎಚ್ಚರಿಕೆಯೂ ಉಂಟು. ಓದಿದ ಪತ್ರವನ್ನು ಕೂಡಲೇ ಹರಿದು ಹಾಕಬೇಕು, ಇಲ್ಲದಿದ್ದರೆ ಹಳೆಯದು ಯಾವುದು ಹೊಸದು ಯಾವುದು ತಿಳಿಯದು. ಕಂದರದಲ್ಲಿರುವ ಒಂದು ಕಿಣ್ವ ಅಸಿಟೈಲ್‌ಕೋಲೀನನ್ನು ಕ್ಷಣಾರ್ಧದಲ್ಲಿ ಒಡೆದುಹಾಕುತ್ತದೆ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಹಾಳುಮಾಡುವುದು ಈ ಕಿಣ್ವವನ್ನೇ. ಆಗ ಹಳೆಯ ಪತ್ರಗಳ ರಾಶಿ ಬಿದ್ದು, ಬಾಯಿಯಲ್ಲಿ ನೊರೆ, ಮೈಯೆಲ್ಲ ಬೆವರು, ಸ್ನಾಯುಗಳ ಅದುರು, ಉಸಿರಿನ ಕಟ್ಟು ಶುರುವಾಗುತ್ತದೆ.

ಹಾವು ಮಾಡುವುದೇನು?

ನಾಗರಹಾವಿನ ವಿಷದಲ್ಲಿ ಹಲವು ಬಗೆಯ ಪ್ರೋಟೀನುಗಳಿವೆ. ಕಚ್ಚಿದ ಜಾಗವನ್ನು ಕೊಳೆಸುವಂಥವೂ ಇವೆ. ಅವುಗಳಲ್ಲಿ ಒಂದು ಜಾತಿಯವು ಗ್ರಾಹಕದ ಮೇಲೆ ಅಸಿಟೈಲ್‌ಕೋಲೀನ್ ಕೂರಬೇಕಾದ ಜಾಗದಲ್ಲೇ ಹೋಗಿ ಕೂರುತ್ತವೆ. ಕೂತು ಬಾಗಿಲು ತೆರೆಯುವುದಿಲ್ಲ, ಜಾಗ ಬಿಟ್ಟೂ ಕೊಡುವುದಿಲ್ಲ. ಬೀಗದ ಕಿಂಡಿಗೆ ಅರಗು ತುಂಬಿದಂತೆ.

ಇಂಥ ಒಂದು ವಿಷಕಣವನ್ನು 1963ರಲ್ಲಿ ತೈವಾನಿನ ಚೆನ್ ಯುವಾನ್ ಲೀ ಮತ್ತು ಚಾಂಗ್ ಎಂಬುವರು ಅಲ್ಲಿನ ಕಟ್ಟುಹಾವಿನಿಂದ ಬೇರ್ಪಡಿಸಿದರು. ಗ್ರಾಹಕಕ್ಕೆ ಅದು ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದರೆ, 1970ರಲ್ಲಿ ಪ್ಯಾರಿಸ್ಸಿನ ಷಾಂಜ್ಯೂ ಮತ್ತು ಸಂಗಡಿಗರು ಅದನ್ನೇ ಗಾಳದಂತೆ ಬಳಸಿ ವಿದ್ಯುತ್ ಮೀನಿನಿಂದ ಗ್ರಾಹಕವನ್ನು ಹಿಡಿದರು. ಲಾಂಗ್ಲಿ 65 ವರ್ಷಗಳ ಹಿಂದೆ ಊಹಿಸಿದ್ದು ಹೀಗೆ ಹಾವಿನ ವಿಷದ ಸಹಾಯದಿಂದಲೇ ಕೈಗೆ ಸಿಕ್ಕಿತು. ಕೊಲ್ಲುವ ವಸ್ತುವೇ ಜೀವದ ಒಂದು ದೊಡ್ಡ ಗುಟ್ಟನ್ನು ಹೇಳಿಕೊಟ್ಟಿತು.

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಚ್ಚಿಸಿಕೊಂಡವನು ಎದ್ದು ಓಡಾಡುತ್ತಿರುವಾಗಲೂ ಒಳಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುತ್ತವೆ. ಹತ್ತು, ಮೂವತ್ತು, ಅರವತ್ತು. ಅವನಿಗೆ ಏನೂ ಗೊತ್ತಾಗದು. ದೇಹ ಇಟ್ಟುಕೊಂಡ ಮೀಸಲು ಆ ನಷ್ಟವನ್ನು ಮುಚ್ಚಿಡುತ್ತದೆ. ನಮ್ಮನ್ನು ದಿನವೂ ಕಾಯುವ ಮೀಸಲೇ ಆ ಹೊತ್ತಿನಲ್ಲಿ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಮೀಸಲು ಮುಗಿಯುವ ಹೊತ್ತಿಗೆ ಕಣ್ಣೆವೆ ಜೋಲುತ್ತದೆ. ಆಮೇಲೆ ಎರಡೆರಡಾಗಿ ಕಾಣುವುದು, ಉಗುಳು ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು. ಎಲ್ಲಕ್ಕಿಂತ ಕೊನೆಗೆ ಉಸಿರಿನ ಸ್ನಾಯು. ಕಣ್ಣೆವೆ ಬಿತ್ತು ಎಂದರೆ ಕೆರೆಯ ನೀರು ತೂಬಿನ ಮಟ್ಟಕ್ಕೆ ಬಂದಿದೆ ಎಂದೇ ತಿಳಿಯಬೇಕು.

ಉಸಿರು ನಿಂತರೂ ಹೃದಯ ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತದೆ. ಹೃದಯ ತನ್ನ ತಾಳವನ್ನು ತಾನೇ ಹಾಕಿಕೊಳ್ಳುತ್ತದೆ. ಅದಕ್ಕೂ ನರದಿಂದ ಅಸಿಟೈಲ್‌ಕೋಲೀನ್ ಬರುವುದುಂಟು, ಆದರೆ ಅಲ್ಲಿ ಅದರ ಅರ್ಥ ‘ನಿಧಾನಿಸು’ ಎಂದು. ಪತ್ರ ಒಂದೇ, ಬಾಗಿಲು ಬೇರೆ. ಹೃದಯದ ಗ್ರಾಹಕಕ್ಕೆ ರಂಧ್ರವಿಲ್ಲ. ಅದು ಪೊರೆಯ ಒಳಮಗ್ಗುಲಿನ ಜಿ-ಪ್ರೋಟೀನ್ ಎಂಬ ಆಳಿಗೆ ಹೇಳಿ ಕೆಲಸ ಮಾಡಿಸುತ್ತದೆ. ಈ ಜಿ-ಪ್ರೋಟೀನುಗಳನ್ನು ಕಂಡುಹಿಡಿದ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರ ನೊಬೆಲ್ ಬಂತು. ಸ್ನಾಯುವಿನ ಬಾಗಿಲಿಗೆ ಹೊಂದುವ ವಿಷಕಣ ಈ ಬಾಗಿಲಿಗೆ ಹೊಂದುವುದಿಲ್ಲ. ಹೀಗಾಗಿ ಕೃತಕ ಉಸಿರಾಟ ಕೊಟ್ಟು ಕಾಯ್ದುಕೊಂಡರೆ ಮನುಷ್ಯ ಬದುಕಬಲ್ಲ.

ರಾತ್ರಿಯ ಹಾವು

ಕಟ್ಟುಹಾವು, ಕೆಲವೆಡೆ ಕಡಂಬಳ ಎನ್ನುವ ಹಾವು, ಇನ್ನೂ ಮೋಸದ್ದು. ಹೊಳೆಯುವ ಕಪ್ಪು ಮೈ, ಅಡ್ಡಡ್ಡ ತೆಳು ಬಿಳಿ ಪಟ್ಟೆ. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಹೆಚ್ಚಿರುವುದಿಲ್ಲ, ಊತವೂ ಇಲ್ಲ, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣೆವೆಯ ಭಾರ. ಹೊಟ್ಟೆಯ ತೊಂದರೆ ಇರಬೇಕು ಎಂದು ಮನೆಯವರು ಕಷಾಯ ಕಾಯಿಸುತ್ತಾರೆ.

ಅದರ ವಿಷ ಎರಡು ಕಡೆ ಕೆಲಸ ಮಾಡುತ್ತದೆ. ಸ್ನಾಯುವಿನ ಕಡೆಯ ಬಾಗಿಲು ಮುಚ್ಚುವ ಕಣಗಳೂ ಅದರಲ್ಲಿವೆ. ಅದಕ್ಕಿಂತ ಮುಖ್ಯವಾಗಿ ಸುದ್ದಿ ಕಳಿಸುವ ನರದ ತುದಿಯನ್ನೇ ಅದು ಹಾಳುಮಾಡುತ್ತದೆ, ಪೊಟ್ಟಣಗಳ ದಾಸ್ತಾನು ಬರಿದಾಗುತ್ತದೆ. ಒಮ್ಮೆ ಹೀಗಾದ ಮೇಲೆ ಪ್ರತಿವಿಷದಿಂದ ಅದನ್ನು ಸರಿಪಡಿಸಲಾಗದು. ನರದ ತುದಿ ಮತ್ತೆ ಚಿಗುರಬೇಕು, ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯ ತನಕ ವೆಂಟಿಲೇಟರ್ ಉಸಿರಾಡಿಸಬೇಕು. ಇಂಥ ರೋಗಿ ಕಣ್ಣು ತೆರೆಯಲಾರ, ಬೆರಳು ಅಲ್ಲಾಡಿಸಲಾರ, ಸತ್ತಂತೆಯೇ ಕಾಣುತ್ತಾನೆ. ಆದರೆ ಮಂಚದ ಸುತ್ತ ಆಡುವ ಮಾತು ಅವನಿಗೆ ಕೇಳುತ್ತಿರಬಹುದು. ಹೀಗೆ ಮಲಗಿದ್ದವರು ಎದ್ದು ಮನೆಗೆ ನಡೆದುಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವಾರು ದಾಖಲಾಗಿವೆ.

ಮುಂಗುಸಿಯ ಬೇರು

ಹಾವಿನೊಡನೆ ಕಾದಾಡಿದ ಮುಂಗುಸಿ ಯಾವುದೋ ಗಿಡದ ಬೇರನ್ನು ಅಗಿದು ವಿಷ ಇಳಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಆ ಬೇರನ್ನು ಮಾರುವವರೂ ಇದ್ದಾರೆ. 1992ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಮುಂಗುಸಿಯ ಗ್ರಾಹಕವನ್ನೇ ಪರೀಕ್ಷಿಸಿದರು. ವಿಷಕಣ ಅಂಟಬೇಕಾದ ಜಾಗದಲ್ಲಿ ಅದರ ಪ್ರೋಟೀನಿನ ಕೆಲವೇ ಕೆಲವು ಅಮೈನೋ ಆಮ್ಲಗಳು ಬೇರೆಯಾಗಿದ್ದವು. ಅಸಿಟೈಲ್‌ಕೋಲೀನ್ ಎಂದಿನಂತೆ ಕೂರುತ್ತದೆ, ವಿಷಕಣಕ್ಕೆ ಮಾತ್ರ ಹಿಡಿತ ಸಿಗುವುದಿಲ್ಲ. ಮುಂಗುಸಿಯ ರಕ್ಷಣೆ ಅದರ ಮೈಯಲ್ಲೇ ಇದೆ, ಬೇರಿನಲ್ಲಿ ಇಲ್ಲ. ನಮ್ಮ ಮೈಯಲ್ಲಿ ಆ ಬದಲಾವಣೆ ಇಲ್ಲವಾದ್ದರಿಂದ ಯಾವ ಬೇರೂ ನಮ್ಮನ್ನು ಮುಂಗುಸಿ ಮಾಡಲಾರದು.

ಮಂತ್ರ ಹಾಕಿಸಿಕೊಂಡು ಬದುಕಿದವರಿಲ್ಲವೆ ಎಂದು ನೀವು ಕೇಳಬಹುದು. ಇದ್ದಾರೆ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಎಲ್ಲಿಗೆ ಹೋಗಿದ್ದರೂ ಬದುಕುತ್ತಿದ್ದರು. ಆದರೆ ವಿಷ ಏರಿದವನೂ ಮೊದಲ ಗಂಟೆಯಲ್ಲಿ ಅವರಂತೆಯೇ ಕಾಣುತ್ತಾನೆ. ಕಟ್ಟೆಯ ಮೇಲೆ ಕೂತು ಕಾಯುವ ಆ ಗಂಟೆಯೇ ಅವನಿಗೆ ಮುಳುವಾಗುವುದು.

ಏನು ಮಾಡಬೇಕು?

ದೇಶದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದಕ್ಕೆ ಮುಂಚಿನ, 2011ರ ಅಧ್ಯಯನದ ಪ್ರಕಾರ ಇಂಥ ಸಾವುಗಳಲ್ಲಿ ನೂರಕ್ಕೆ 97 ಹಳ್ಳಿಗಳಲ್ಲಿ ಆದವು. ನೂರಕ್ಕೆ 77 ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಆದೇಶಿಸಿತು. ಲೆಕ್ಕವಿದ್ದರೆ ತಾನೆ ಯಾವ ಊರಿನ ಆಸ್ಪತ್ರೆಯಲ್ಲಿ ಎಷ್ಟು ಔಷಧಿ ಇಡಬೇಕು ಎಂದು ತಿಳಿಯುವುದು?

ಔಷಧಿ ಎಂದರೆ ಪ್ರತಿವಿಷ. ಕುದುರೆಗೆ ಅಲ್ಪಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ. ಮಂಡಲದ ಹಾವುಗಳ ವಿಷ ಮುಖ್ಯವಾಗಿ ರಕ್ತದ ಮೇಲೆ ಕೆಲಸ ಮಾಡುವುದರಿಂದ ಅದರ ಕಥೆ ಬೇರೆ, ಆದರೆ ಹೋಗಬೇಕಾದ ಜಾಗ ಅದೇ ಆಸ್ಪತ್ರೆ. ಪ್ರತಿವಿಷ ಹಿಡಿಯುವುದು ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನು. ಬಾಗಿಲಿಗೆ ಆಗಲೇ ಅಂಟಿಕೊಂಡದ್ದನ್ನು ಕೀಳುವುದು ಕಷ್ಟ. ಬೇಗ ಹೋಗಿ ಎಂದು ವೈದ್ಯರು ಹೇಳುವುದರ ಒಳಗುಟ್ಟು ಇದೇ. ನಾಗರದ ಕಡಿತಕ್ಕೆ ನಿಯೋಸ್ಟಿಗ್ಮಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಅಟ್ರೋಪಿನ್ ಜೊತೆಗೆ ಕೊಡುವುದುಂಟು. ಅದು ಪತ್ರ ಹರಿಯುವ ಕಿಣ್ವವನ್ನು ಸ್ವಲ್ಪ ಹೊತ್ತು ತಡೆದು, ಉಳಿದಿರುವ ಕೆಲವೇ ಬಾಗಿಲುಗಳಿಗೆ ಹೆಚ್ಚು ಕಣಗಳು ಸಿಗುವಂತೆ ಮಾಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ, ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂದು ತೋರಿಸಿದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ಬಾಗಿಲು ಮುಚ್ಚುವ ವಿಷಕಣಗಳ ಒಂದು ದೊಡ್ಡ ಗುಂಪನ್ನು ತಡೆಯುವ ಕೃತಕ ಪ್ರತಿಕಾಯವೊಂದನ್ನು ರೂಪಿಸಿ 2024ರಲ್ಲಿ ಪ್ರಕಟಿಸಿದೆ. ಅದು ಪರೀಕ್ಷೆಯಾದದ್ದು ಇಲಿಗಳ ಮೇಲೆ. ಕೃತಕ ಪ್ರತಿಕಾಯಗಳ ದೊಡ್ಡ ಸಂಗ್ರಹವೊಂದರಲ್ಲಿ ಹುಡುಕಿ ಅದನ್ನು ಆರಿಸಿದರು.

ನಮ್ಮ ಕೈಯಲ್ಲಿ ಇರುವುದು ಸರಳ ಕೆಲಸಗಳು. ಕಡಲೆಕಾಯಿ ರಾಶಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಬಣವೆಯನ್ನು ಮಲಗುವ ಜಾಗದಿಂದ ದೂರ ಇಡಿ. ಸಾಧ್ಯವಾದರೆ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಒಳಗೆ ಸಿಕ್ಕಿಸಿ ಮಲಗಿ. ಕತ್ತಲಲ್ಲಿ ಟಾರ್ಚ್ ಹಿಡಿಯಿರಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಕೈ ಕಾಲು ಅಲ್ಲಾಡದಂತೆ ದಬ್ಬೆ ಕಟ್ಟಿ, ನಡೆಸದೆ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. ಏನೂ ಆಗಿಲ್ಲ ಎನಿಸಿದರೂ 24 ಗಂಟೆ ವೈದ್ಯರ ನಿಗಾದಲ್ಲಿ ಇರಬೇಕು.

ನಾಗರಕಲ್ಲಿಗೆ ಹಾಲೆರೆಯುವುದನ್ನು ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಕಚ್ಚಿಸಿಕೊಂಡವನು ನಗುತ್ತಾ ಮಾತಾಡುತ್ತಿರುವಾಗಲೇ ಅವನನ್ನು ಗಾಡಿ ಹತ್ತಿಸಿ ಎಂದಷ್ಟೇ ನನ್ನ ವಿನಂತಿ. ಆ ಹೊತ್ತಿನಲ್ಲಿ ಅವನ ಕೋಶಗಳ ಬಾಗಿಲುಗಳಲ್ಲಿ ಎಷ್ಟು ಉಳಿದಿವೆ ಎಂದು ಅವನಿಗೂ ತಿಳಿಯದು, ನಮಗೂ ತಿಳಿಯದು.